ಹಳೇ ಲ್ಯಾಂಪಿಗೆ ಹೊಸ ಬಟ್ಟೆ: ಸ್ವಿಚ್ ಹಾಕಿ ನೋಡ್ತಾ ಮಾಡಿದ ಕೆಲಸ

ಹಳೇ ಟೇಬಲ್ ಲ್ಯಾಂಪಿಗೆ ಕೈಯಲ್ಲಿ ಹೊಲಿದ ಬಟ್ಟೆಯ ಶೇಡ್ ಹಾಕುವ ಕೆಲಸ ಅಂತೂ ಮುಗಿಯಿತು. ಉಗುರಿನ ಸಂದಿಯಲ್ಲಿ ಇನ್ನೂ ಅಂಟು ಇದೆ. ಮರೆಯುವ ಮುಂಚೆ ಬರೆದುಬಿಡೋಣ ಅಂತ ಕೂತೆ. ಇದರ ವಿಡಿಯೋಗಳನ್ನು ನೋಡಿದರೆ ಬಟ್ಟೆ ಸುತ್ತಿದರು, ಅಂಟಿಸಿದರು, ಸ್ವಿಚ್ ಹಾಕಿದರು, ಆಯ್ತು ಅನ್ನುವ ಹಾಗಿರುತ್ತದೆ. ಬಟ್ಟೆ ಕೈಗೆ ತೆಗೆದುಕೊಳ್ಳುವ ಮುಂಚೆಯೇ ಅರ್ಧ ಕೆಲಸ ಇದೆ ಅಂತ ಯಾರೂ ಹೇಳುವುದಿಲ್ಲ. ವೈರು, ತುಕ್ಕು, ಅಳತೆ, ಒಣಗಲಿ ಅಂತ ಕಾಯುವುದು, ಇದೆಲ್ಲ ವಿಡಿಯೋದಲ್ಲಿ ಕತ್ತರಿಸಿ ಹೋಗಿರುತ್ತದೆ. ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಶೇಡಿನ ಬಟ್ಟೆಯನ್ನು ಅಂಗಿಯ ಬಟ್ಟೆ ನೋಡಿದ ಹಾಗೆ ಹಗಲು ಬೆಳಕಲ್ಲಿ ನೋಡಿ ಆರಿಸಿದರೆ ಪ್ರಯೋಜನ ಇಲ್ಲ. ಅದರ ಹಿಂದೆ ಬಲ್ಬ್ ಉರಿಯುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ದೀಪ ಉರಿಸಿ ನೋಡಬೇಕು. ಈ ಬರಹದಲ್ಲಿ ಆ ಮಾತು ಪದೇ ಪದೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಲ್ಯಾಂಪಿನ ಬಗ್ಗೆ ಸ್ವಲ್ಪ. ಲೋಹದ ಕಂಬ, ಭಾರವಾದ ತಳ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಶೇಡ್. ಒಳಗೆ ಕಡ್ಡಿಗಳ ಪಂಜರ ಇಲ್ಲ. ಮೇಲೊಂದು ರಿಂಗ್, ಕೆಳಗೊಂದು ರಿಂಗ್, ಎರಡನ್ನೂ ಹಿಡಿದು ನಿಲ್ಲಿಸಿದ್ದು ನಡುವಿನ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅದರ ಹೊರಗೆ ಬಟ್ಟೆ ಅಂಟಿಸಿದ್ದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು, ಹಾಳೆ ಮುಟ್ಟಿದರೆ ಚೂರಾಗುತ್ತಿತ್ತು. ನಿಮ್ಮದು ಮೇಲಿಂದ ಕೆಳಕ್ಕೆ ಕಡ್ಡಿಗಳಿರುವ ಶೇಡ್ ಆದರೆ ದಾರಿ ಬೇರೆ. ಅಲ್ಲಿ ಕಡ್ಡಿಗಳಿಗೆಲ್ಲ ಹತ್ತಿ ಟೇಪ್ ಬಿಗಿಯಾಗಿ ಸುತ್ತಿ, ಬಟ್ಟೆಯನ್ನು ಓರೆಯಾಗಿ ಎಳೆದು ಪಿನ್ ಮಾಡಿ, ಆ ಟೇಪಿಗೇ ಸೂಜಿಯಲ್ಲಿ ಹೊಲಿಯುತ್ತಾರೆ. ಅದಕ್ಕೆ ಅಂಟೇ ಬೇಡ. ನಾನು ಹೇಳುತ್ತಿರುವುದು ಎರಡು ರಿಂಗಿನ ಶೇಡಿನ ಕಥೆ.

ಹಳೇ ಶೇಡ್ ಹರಿಯುವ ಮುಂಚೆ ಒಳಗೆ ಅಂಟಿಸಿದ ಸ್ಟಿಕ್ಕರಿನ ಫೋಟೋ ತೆಗೆದುಕೊಳ್ಳಿ. ಎಷ್ಟು ವಾಟಿನವರೆಗೆ ಬಲ್ಬ್ ಹಾಕಬಹುದು ಅಂತ ಅದರಲ್ಲಿ ಇರುತ್ತದೆ. ನನ್ನದರಲ್ಲಿ 60 ವಾಟ್ ಅಂತ ಇತ್ತು. ಹಾಗೆಯೇ ಶೇಡನ್ನು ಲ್ಯಾಂಪಿನ ಮೇಲೆ ಇಟ್ಟು ಪಕ್ಕದಿಂದ ಒಂದು ಫೋಟೋ, ಶೇಡನ್ನು ಹೋಲ್ಡರಿಗೆ ಕೂರಿಸಲು ಮೇಲಿನ ರಿಂಗಿನಲ್ಲಿರುವ ಮೂರು ಕಾಲಿನ ಪಟ್ಟಿ ಒಳಕ್ಕೆ ಬಾಗಿದೆಯಾ ಹೊರಕ್ಕಾ ಅಂತ ತಿಳಿಯುವ ಹಾಗೆ ಇನ್ನೊಂದು. ಶೇಡ್ ಕಂಬದ ಮೇಲೆ ಎಷ್ಟು ಎತ್ತರದಲ್ಲಿ ಕೂರುತ್ತದೆ ಅನ್ನುವುದು ಈ ಬಾಗಿನ ಮೇಲೆ ನಿಂತಿದೆ. ಆಮೇಲೆ ಹೊರಗೆ ಕೂತು, ಮೂಗಿಗೆ ಮಾಸ್ಕ್ ಹಾಕಿಕೊಂಡು ಹರಿಯಿರಿ. ಒಳಗಿನ ಧೂಳು ಅಷ್ಟಿಷ್ಟಲ್ಲ. ತುಂಬ ಹಳೆಯ ಲ್ಯಾಂಪಾದರೆ ಇನ್ನೂ ಹುಷಾರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಶಾಖ ತಡೆಯಲಿ ಅಂತ ಆಗಿನ ಕೆಲವು ವೈರುಗಳಿಗೆ ಆಸ್ಬೆಸ್ಟಾಸ್ ಸುತ್ತುತ್ತಿದ್ದರು. ಅನುಮಾನ ಬಂದರೆ ಉಜ್ಜಬೇಡಿ, ಕೆದಕಬೇಡಿ.

ಹರಿದ ಮೇಲೆ ನೇರ ಬಟ್ಟೆಗೆ ಕೈ ಹಾಕುವ ಆಸೆ ಇತ್ತು. ಆದರೆ ಹೋಲ್ಡರ್ ಬಿಚ್ಚಿ ನೋಡಿದಾಗ ಎದೆ ಧಸಕ್ಕಂತು. ವೈರಿನ ಹೊರಗೆ ಬಟ್ಟೆಯ ಹೆಣಿಗೆ ಚೆನ್ನಾಗಿಯೇ ಇತ್ತು. ಒಳಗಿನ ರಬ್ಬರ್ ಮಾತ್ರ ಗಟ್ಟಿಯಾಗಿ ಸೀಳಿಹೋಗಿತ್ತು, ಬಗ್ಗಿಸಿದರೆ ಪುಡಿ ಉದುರುತ್ತಿತ್ತು, ಒಂದು ಕಡೆ ತಾಮ್ರವೇ ಕಾಣುತ್ತಿತ್ತು. ರಬ್ಬರಿಗೆ ವಯಸ್ಸಾದರೆ, ಅದರ ಮೇಲೆ ಬಲ್ಬಿನ ಶಾಖವೂ ಸೇರಿದರೆ, ಹೀಗೇ ಆಗುತ್ತದೆ. ಹೊರಗಿಂದ ಗೊತ್ತೇ ಆಗುವುದಿಲ್ಲ. ಸಾಲದ್ದಕ್ಕೆ ಇದು ಲೋಹದ ಲ್ಯಾಂಪ್, ಇದ್ದದ್ದು ಎರಡೇ ತಂತಿಯ ವೈರ್. ಅರ್ಥಿಂಗ್ ಇಲ್ಲ. ಒಳಗೆ ಫೇಸ್ ತಂತಿ ಕಂಬಕ್ಕೆ ತಾಗಿದರೆ ಇಡೀ ಲ್ಯಾಂಪಿಗೇ ಕರೆಂಟ್.

ಎಲೆಕ್ಟ್ರಿಷಿಯನ್ ಹತ್ತಿರ ತೆಗೆದುಕೊಂಡು ಹೋದೆ. ಅವರು ವೈರನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದನ್ನ ಇಷ್ಟು ದಿನ ಉರಿಸ್ತಿದ್ರಾ ಮೇಡಂ?" ಅಂದರು. ಮಾತಾಡಲು ನನಗೆ ಏನೂ ಉಳಿದಿರಲಿಲ್ಲ. ಚಿಕ್ಕ ಕೆಲಸ ಆದ್ದರಿಂದ ಅವರಿಗೆ ಅವಸರ ಇರಲಿಲ್ಲ, ಲ್ಯಾಂಪ್ ಅವರ ಬೆಂಚಿನ ಮೂಲೆಯಲ್ಲಿ ಸುಮ್ನೆ ಕೂತಿತ್ತು. ಕೇಳಿದಾಗೆಲ್ಲ "ನಾಳೆ". ಇದು ನಿಮಗೂ ಆಗುತ್ತದೆ, ಆದ್ದರಿಂದ ವೈರಿನ ಕೆಲಸ ಮೊದಲು ಕೊಟ್ಟುಬಿಡಿ. ಆ ಕಾಯುವ ಹೊತ್ತಲ್ಲೇ ರಿಂಗ್, ಕಾಗದ, ಹೊಲಿಗೆ ಎಲ್ಲ ಮಾಡಿಕೊಳ್ಳಬಹುದು.

ಏನು ಮಾಡಿಸಬೇಕು ಅಂತ ಬಾಯಿ ಬಿಟ್ಟು ಹೇಳಿ. ಲೋಹದ ಲ್ಯಾಂಪಿಗೆ ಮೂರು ತಂತಿಯ ವೈರ್, ಅರ್ಥ್ ತಂತಿಯನ್ನು ಕಂಬಕ್ಕೆ ಸ್ಕ್ರೂನಿಂದ ಬಿಗಿಯಬೇಕು, ಅರ್ಥ್ ಇರುವ ಪ್ಲಗ್ ಬೇಕು. ತಿರುಪಿನ ಹೋಲ್ಡರ್ ಆದರೆ ಫೇಸ್ ಹೋಗಬೇಕಾದದ್ದು ತಳದ ನಡುವಿನ ನಾಲಗೆಗೆ, ನ್ಯೂಟ್ರಲ್ ಹೋಗಬೇಕಾದದ್ದು ತಿರುಪಿನ ಬಳೆಗೆ. ಅದಲುಬದಲಾದರೆ ಬಲ್ಬ್ ಬದಲಿಸುವಾಗ ಬೆರಳು ತಾಗುವ ಜಾಗದಲ್ಲೇ ಕರೆಂಟ್ ಇರುತ್ತದೆ. ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಾದ ಕಡೆ ಈ ಜೋಡಣೆಯನ್ನು ನಂಬುವ ಹಾಗಿಲ್ಲ, ಪ್ಲಗ್ ತೆಗೆದೇ ಬಲ್ಬ್ ಮುಟ್ಟಬೇಕು. ವೈರ್ ಕಂಬದೊಳಗೆ ಹೋಗುವ ತೂತಿನ ಅಂಚು ಚೂಪಾಗಿದ್ದರೆ ಅಲ್ಲಿ ಒಂದು ರಬ್ಬರ್ ಬುಶ್ ಹಾಕಿಸಿ. ಯಾರಾದರೂ ವೈರ್ ಎಳೆದರೆ ಎಳೆತ ಸ್ಕ್ರೂಗಳ ಮೇಲೆ ಬೀಳದ ಹಾಗೆ ಹಿಡಿತವೂ ಇರಬೇಕು. ವೈರಿನ ಬಣ್ಣ ನೋಡಿ ಇದು ಫೇಸ್, ಇದು ನ್ಯೂಟ್ರಲ್ ಅಂತ ತೀರ್ಮಾನ ಮಾಡಬೇಡಿ. ದೇಶ ಬದಲಾದರೆ, ಕಾಲ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಮನೆಗೆ ತಂದ ಮೇಲೆ ಪ್ಲಗ್ ಗೋಡೆಗೆ ಹಾಕದೆ ಮಲ್ಟಿಮೀಟರಿನಲ್ಲಿ ನೋಡಿದೆ, ಎರಡು ಜಾಗದ ನಡುವೆ ಸಂಪರ್ಕ ಇದ್ದರೆ ಅದು ಬೀಪ್ ಅನ್ನುತ್ತದೆ. ಕಂಬಕ್ಕೂ ಅರ್ಥ್ ಪಿನ್ನಿಗೂ ಬೀಪ್ ಬರಬೇಕು, ಬಂತು. ಉಳಿದ ಎರಡು ಪಿನ್ನಿಗೂ ಕಂಬಕ್ಕೂ ಬೀಪ್ ಬರಬಾರದು, ಬರಲಿಲ್ಲ. ಆಗ ಮನಸ್ಸು ಹಗುರಾಯಿತು. ಮಲ್ಟಿಮೀಟರ್ ಇಲ್ಲದವರು ಆ ಅಂಗಡಿಯಲ್ಲೇ ನಿಮ್ಮ ಮುಂದೆ ಮಾಡಿ ತೋರಿಸಿ ಅಂತ ಕೇಳಬಹುದು. ಸಂಕೋಚ ಬೇಡ.

ಈಗ ರಿಂಗುಗಳು. ಎರಡಕ್ಕೂ ತುಕ್ಕು ಹಿಡಿದಿತ್ತು. ತುಕ್ಕಿನ ಮೇಲೆ ಅಂಟು ಹಚ್ಚಿ ಬಟ್ಟೆ ಮಡಚಿದರೆ ತೇವಕ್ಕೆ ಕಂದು ಕಲೆ ಹೊರಗೆ ಬರುತ್ತದೆ, ಒಮ್ಮೆ ಬಂದರೆ ಹೋಗುವುದಿಲ್ಲ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಒರೆಸಿ, ಬಿಳಿ ಬಣ್ಣ ಹಚ್ಚಿದೆ. ಬಿಳಿಯೇ ಯಾಕೆ ಅಂದರೆ ತೆಳು ಬಟ್ಟೆಯ ಅಂಚಿನಲ್ಲಿ ಕಪ್ಪು ರಿಂಗ್ ಗೆರೆಯಾಗಿ ಕಾಣುತ್ತದೆ. ಬಣ್ಣ ಮುಟ್ಟಿದರೆ ಅಂಟದ ಹಾಗೆ ಒಣಗುವುದು ಬೇಗ. ಆದರೆ ಅದು ಪೂರ್ತಿ ಗಟ್ಟಿಯಾಗದೆ ಎರಡೂ ಮೈಗೆ ಅಂಟು ಇರುವ ಡಬಲ್ ಟೇಪ್ ಅಂಟಿಸಿದರೆ ಟೇಪಿನ ಜೊತೆ ಬಣ್ಣವೂ ಸುಲಿದು ಬರುತ್ತದೆ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿಯೇ ಬಿಡಿ. ತೇವದ ಹವೆ ಇದ್ದರೆ ಇನ್ನೂ ಜಾಸ್ತಿ.

ಕೆಳಗಿನ ರಿಂಗ್ ಮೇಜಿನ ಮೇಲೆ ಇಟ್ಟರೆ ತೂಗಾಡುತ್ತಿತ್ತು. ಅಂದರೆ ಸೊಟ್ಟ. ಅಡ್ಡಕ್ಕೂ ಉದ್ದಕ್ಕೂ ಅಳೆದರೆ ಅಳತೆ ಬೇರೆ ಬೇರೆ. ಸೊಟ್ಟ ರಿಂಗಿಗೆ ಎಷ್ಟು ನಾಜೂಕಾಗಿ ಬಟ್ಟೆ ಸುತ್ತಿದರೂ ಶೇಡ್ ಓಲಾಡುತ್ತದೆ, ಒಂದು ಕಡೆ ಬಟ್ಟೆ ಸುಕ್ಕು ಬೀಳುತ್ತದೆ. ಕೈಯಲ್ಲೇ ನಿಧಾನ ಬಗ್ಗಿಸಿ, ಮತ್ತೆ ಮೇಜಿನ ಮೇಲೆ ಇಟ್ಟು, ನಾಲ್ಕು ಕಡೆ ಅಳೆದು ಸರಿ ಮಾಡಿದೆ. ಇದನ್ನು ಬಣ್ಣ ಹಚ್ಚುವ ಮುಂಚೆಯೇ ಮಾಡಿ. ಆಮೇಲೆ ಬಗ್ಗಿಸಿದರೆ ಬಣ್ಣ ಬಿರುಕು ಬಿಡುತ್ತದೆ. ಮತ್ತೆ ಮೂರು ಕಾಲಿನ ಪಟ್ಟಿಯ ನಡುವಿನ ತೂತು ನಿಮ್ಮ ಹೋಲ್ಡರಿಗೆ ಸರಿಹೋಗುತ್ತದಾ ಅಂತ ಈಗಲೇ ನೋಡಿ. ಹೋಲ್ಡರ್ ಬದಲಿಸಿದ್ದರೆ ಇದು ಮುಖ್ಯ. ಇ27 ಅಂದರೆ ಬಲ್ಬಿನ ತಿರುಪಿನ ಅಗಲ 27 ಮಿಲಿಮೀಟರ್, ಇ14 ಅಂದರೆ 14, ಬಿ22 ಅಂದರೆ ಎರಡು ಗೂಟದ 22 ಮಿಲಿಮೀಟರಿನದು. ಒಂದರ ಶೇಡ್ ಇನ್ನೊಂದರ ಮೇಲೆ ಕೂರದೇ ಇರಬಹುದು.

ಇಲ್ಲಿಂದ ಅಳತೆ. ಮೇಲೂ ಕೆಳಗೂ ಒಂದೇ ಅಗಲ ಇರುವ ಶೇಡ್ ನಿಮ್ಮದಾದರೆ ನೀವು ಪುಣ್ಯವಂತರು. ರಿಂಗಿನ ಅಗಲವನ್ನು 3.14ರಿಂದ ಗುಣಿಸಿ, ಒಂದು ಸೆಂಟಿಮೀಟರ್ ಒಂದರ ಮೇಲೊಂದು ಬರಲು ಸೇರಿಸಿ, ಉದ್ದನೆಯ ಆಯತ ಕತ್ತರಿಸಿದರೆ ಸಾಕು. ಮೇಲೆ ಕಿರಿದಾದ ಶೇಡಿನದು ಹಾಗಲ್ಲ. ಅದನ್ನು ಬಿಡಿಸಿದರೆ ಬೀಸಣಿಗೆ ಬಿಚ್ಚಿದ ಹಾಗೆ ಬಾಗಿದ ಆಕಾರ ಬರುತ್ತದೆ. ಹಳೇ ಹಾಳೆಯನ್ನೇ ಇಟ್ಟು ಗೆರೆ ಎಳೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನ್ನದು ಚೂರು ಚೂರಾಗಿತ್ತು, ಇದ್ದ ದೊಡ್ಡ ತುಂಡೂ ಶಾಖಕ್ಕೆ ಸೊಟ್ಟಗಾಗಿತ್ತು. ಆದ್ದರಿಂದ ಲೆಕ್ಕ ಹಾಕಲೇಬೇಕಾಯಿತು.

ಲೆಕ್ಕಕ್ಕೆ ಹೆದರಬೇಡಿ, ಮೂರು ಅಳತೆ ಸಾಕು. ಕೆಳಗಿನ ರಿಂಗಿನ ಅಗಲ, ಮೇಲಿನ ರಿಂಗಿನ ಅಗಲ, ಮತ್ತೆ ಶೇಡಿನ ಮೈ ಮೇಲೆ ಓರೆಯಾಗಿ ಅಳೆದ ಉದ್ದ. ನನ್ನದು 30, 20, 22 ಸೆಂಟಿಮೀಟರ್. ಓರೆ ಉದ್ದವನ್ನು ಕೆಳಗಿನ ಅಗಲದಿಂದ ಗುಣಿಸಿ, ಎರಡು ಅಗಲಗಳ ವ್ಯತ್ಯಾಸದಿಂದ ಭಾಗಿಸಿ. 22 ಗುಣಿಸು 30, ಅಂದರೆ 660. ಅದನ್ನು 10ರಿಂದ ಭಾಗಿಸಿದರೆ 66. ಇದು ಹೊರಗಿನ ಬಾಗಿಗೆ ದಾರ ಎಷ್ಟು ಉದ್ದ ಹಿಡಿಯಬೇಕು ಅನ್ನುವುದು. ಅದರಲ್ಲಿ 22 ಕಳೆದರೆ 44, ಅದು ಒಳಗಿನ ಬಾಗಿಗೆ. ಒಂದು ಮೊಳೆಗೆ ದಾರ ಕಟ್ಟಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ, ದೊಡ್ಡ ಕಾಗದದ ಮೇಲೆ ಎರಡೂ ಬಾಗು ಎಳೆಯಿರಿ. ದಾರ ಎಳೆದರೆ ಉದ್ದವಾಗುವಂಥದ್ದು ಬೇಡ, ಉದ್ದನೆಯ ಪಟ್ಟಿಯಲ್ಲಿ ತೂತು ಮಾಡಿ ಎಳೆದರೆ ಇನ್ನೂ ಕರಾರುವಾಕ್. ಎಷ್ಟು ಕೋನದವರೆಗೆ ಎಳೆಯಬೇಕು? ಕೆಳಗಿನ ಅಗಲದ ಅರ್ಧ, ಅಂದರೆ 15, ಅದನ್ನು 66ರಿಂದ ಭಾಗಿಸಿ 360ರಿಂದ ಗುಣಿಸಿದರೆ ಹೆಚ್ಚುಕಮ್ಮಿ 82 ಡಿಗ್ರಿ. ಒಂದು ಬದಿಗೆ ಒಂದು ಸೆಂಟಿಮೀಟರ್ ಜೋಡಣೆಗೆ ಬಿಡಿ. ಕಾಗದ ಕತ್ತರಿಸಿ ರಿಂಗುಗಳಿಗೆ ಸುತ್ತಿ ಕ್ಲಿಪ್ ಹಾಕಿ ನೋಡಿ. ಎರಡೂ ರಿಂಗು ಸಡಿಲ ಇಲ್ಲದೆ, ಬಿಗಿಯೂ ಆಗದೆ ಕೂತರೆ ಲೆಕ್ಕ ಸರಿ. ಈ ಕಾಗದವನ್ನು ಜೋಪಾನ ಮಾಡಿ. ಅಳತೆಗಳನ್ನೂ ಅದರ ಮೇಲೇ ಬರೆದಿಡಿ.

ಈ ಕಾಗದ ಕೈಗೆ ಬಂದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ನನ್ನ ಹತ್ತಿರ ಗೆರೆ ಗೆರೆಯ ಚಂದದ ಹತ್ತಿ ಬಟ್ಟೆ ಇತ್ತು, ಅದನ್ನೇ ಹಾಕುವ ಆಸೆ. ಕಾಗದವನ್ನು ಅದರ ಮೇಲೆ ಇಟ್ಟು ನೋಡಿದರೆ ನಡುವೆ ಗೆರೆಗಳು ನೆಟ್ಟಗಿವೆ, ಎರಡೂ ತುದಿಗೆ ಹೋದಂತೆ ಓರೆಯಾಗುತ್ತವೆ. ಸುತ್ತಿದಾಗ ಎರಡು ತುದಿ ಸೇರುವ ಕಡೆ ಗೆರೆಗಳು ಬಾಣದ ಮೊನೆ ಮಾಡಿ ಕೂರುತ್ತವೆ. ಗೆರೆ, ಚೌಕಳಿ ಎರಡೂ ಈ ಆಕಾರಕ್ಕೆ ಬೇಡ. ಚದುರಿದ ಸಣ್ಣ ಚಿತ್ತಾರ, ಇಲ್ಲವೇ ಬರೀ ಬಣ್ಣ ಸುಲಭ. ಗೆರೆಯೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಅದೇ ನಾನು ಹಿಡಿದದ್ದು. ಬಟ್ಟೆಯನ್ನು ಮೇಲೆ ಕಿರಿದು ಕೆಳಗೆ ಅಗಲ ಇರುವ ಪಟ್ಟಿಗಳಾಗಿ ಕತ್ತರಿಸಿ ಜೋಡಿಸುವುದು. ಆಗ ಹೊಲಿಗೆಗಳೇ ನೆಟ್ಟನೆಯ ಗೆರೆಗಳಾಗುತ್ತವೆ. ಮನೆಯಲ್ಲಿ ಉಳಿದ ಚೂರು ಬಟ್ಟೆಗಳಿಗೂ ಗತಿ ಕಾಣಿಸಿದ ಹಾಗಾಯಿತು.

ಶೇಡಿನ ಸುತ್ತಲೂ ಸೇರಿ 12 ಪಟ್ಟಿ ಅಂತ ಇಟ್ಟುಕೊಂಡೆ. ಕೆಳಗಿನ ಸುತ್ತಳತೆ 94.2, ಮೇಲಿನದು 62.8. ಹನ್ನೆರಡರಿಂದ ಭಾಗಿಸಿದರೆ ಒಂದು ಪಟ್ಟಿಯ ಅಗಲ ಕೆಳಗೆ 7.85, ಮೇಲೆ 5.2 ಚಿಲ್ಲರೆ. ಇದಕ್ಕೆ ಎರಡೂ ಬದಿ 6 ಮಿಲಿಮೀಟರ್ ಹೊಲಿಗೆಗೆ, ಮೇಲೆ ಕೆಳಗೆ ಒಂದೂವರೆ ಸೆಂಟಿಮೀಟರ್ ಮಡಚಲು. ಗಟ್ಟಿ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡು ಎಲ್ಲವನ್ನೂ ಅದರಲ್ಲೇ ಗುರುತು ಮಾಡಿ. ಒಂದೊಂದು ಪಟ್ಟಿಯಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಸುತ್ತು ಮುಗಿಯುವ ಹೊತ್ತಿಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬೀಳುತ್ತದೆ.

ಬಟ್ಟೆ ಆರಿಸುವ ಕೆಲಸಕ್ಕೆ ಹೊತ್ತು ಕೊಡಿ. ಮೊದಲು ಎಲ್ಲವನ್ನೂ ತೊಳೆದು ಇಸ್ತ್ರಿ ಮಾಡಿ, ಗಂಜಿ ಹೋಗಲಿ, ಕುಗ್ಗುವುದು ಈಗಲೇ ಕುಗ್ಗಲಿ. ಆಮೇಲೆ ಸಂಜೆ ಕೋಣೆಯ ಬೇರೆ ದೀಪ ಆರಿಸಿ, ಒಂದು ಬಲ್ಬಿನ ಮುಂದೆ ಶೇಡ್ ಇರುವಷ್ಟೇ ದೂರದಲ್ಲಿ ಒಂದೊಂದು ತುಂಡು ಹಿಡಿದು ನೋಡಿ. ಹಗಲಲ್ಲಿ ಕಣ್ಣು ಕುಕ್ಕುವ ಅಚ್ಚಿನ ಚಿತ್ತಾರ ಬೆಳಕು ಹಿಂದಿನಿಂದ ಬಂದಾಗ ಮಸುಕಾಗುತ್ತದೆ. ನೂಲಿಗೇ ಬಣ್ಣ ಹಾಕಿ ನೇಯ್ದ ಬಟ್ಟೆ ಚೆನ್ನಾಗಿ ನಿಲ್ಲುತ್ತದೆ. ಯಾರೂ ಗಮನಿಸದ ದಪ್ಪ ನೂಲಿನ ಗಂಟುಗಳು ಮೇಲೆದ್ದು ಕಾಣುತ್ತವೆ, ನನಗಂತೂ ಅದು ಇಷ್ಟ. ಹಳದಿ, ಕೇಸರಿ, ಕೆಂಪು ಬೆಳಗುತ್ತವೆ. ನನಗೆ ಪ್ರಾಣ ಅನ್ನುವಂಥ ನೀಲಿ ಬಟ್ಟೆಯೊಂದು ಬೆಚ್ಚನೆಯ ಹಳದಿ ಬೆಳಕಿನ ಮುಂದೆ ಕೊಳೆ ಬಣ್ಣವಾಗಿ ಕಂಡಿತು. ಅದನ್ನು ಪಕ್ಕಕ್ಕೆ ಇಡುವಾಗ ನಿಜವಾಗಿಯೂ ಸಂಕಟವಾಯಿತು. ತೀರಾ ಗಾಢ ಬಣ್ಣದ ದಪ್ಪ ಬಟ್ಟೆ ಮೈಯಿಂದ ಬೆಳಕನ್ನೇ ಬಿಡುವುದಿಲ್ಲ, ಮೇಲೂ ಕೆಳಗೂ ಮಾತ್ರ ಬೆಳಕು ಬೀಳುತ್ತದೆ. ಗೋಡೆಗೆ ಬೆಳಕು ಬೇಕಾದವರಿಗೆ ಅದೂ ಸರಿಯೇ, ಓದಲು ಕೂರುವವರಿಗೆ ಬೇಡ.

ಹೊಲಿಗೆ. ಮಿಷನ್ ಇದ್ದರೆ ಮಿಷನ್ನಿನಲ್ಲೇ ಹೊಲಿಯಿರಿ, ನಾನು ಕೈಯಲ್ಲಿ ಹೊಲಿದದ್ದು ನನ್ನ ಖುಷಿಗೆ. ಸಣ್ಣ ಸಣ್ಣ ಹೊಲಿಗೆ, ನಡುನಡುವೆ ಒಂದು ಹಿಂದಕ್ಕೆ ಹಾಕಿ ಬಿಗಿ ಮಾಡುವುದು. ತೆಳುವಾದ ಸೂಜಿಯೇ ಬೇಕು. ದಪ್ಪ ಸೂಜಿ ಮಾಡಿದ ತೂತುಗಳಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬರುತ್ತದೆ, ಗಾಢ ಬಣ್ಣದಲ್ಲಂತೂ ಎದ್ದು ಕಾಣುತ್ತದೆ. ಹಿಂದೆ ಉಳಿದ ದಾರದ ತುದಿಗಳನ್ನು ಒಂದೂ ಬಿಡದೆ ಕತ್ತರಿಸಿ. ಬೆಳಕಿಗೆ ಹಿಡಿದರೆ ಪ್ರತಿ ದಾರವೂ ನೆರಳಾಗುತ್ತದೆ.

ಹೊಲಿಗೆಯ ಹಿಂದಿನ ಮಾರ್ಜಿನ್, ಅಂದರೆ ಹೊಲಿಗೆಗೆ ಅಂತ ಬಿಟ್ಟ ಅಂಚಿನ ಬಟ್ಟೆ, ಏನು ಮಾಡುವುದು ಅನ್ನುವುದೇ ಈ ಇಡೀ ಕೆಲಸದ ದೊಡ್ಡ ಪ್ರಶ್ನೆ. ಅಂಗಿಯಲ್ಲಿ ಅದು ಒಳಗೆ ಅಡಗಿರುತ್ತದೆ. ಶೇಡಿನಲ್ಲಿ ಅಡಗಲು ಜಾಗವೇ ಇಲ್ಲ. ಎರಡು ಕಡೆಗೂ ಬಿಡಿಸಿ ಇಸ್ತ್ರಿ ಮಾಡಿದರೆ ಹೊಲಿಗೆಯ ಎರಡೂ ಬದಿಗೆ ಎರಡು ಪದರ, ಅಗಲವಾದ ತೆಳು ನೆರಳು. ಒಂದೇ ಕಡೆ ಮಡಚಿದರೆ ಮೂರು ಪದರ, ಕಿರಿದಾದ ಗಾಢ ಗೆರೆ. ಎರಡನ್ನೂ ಬಲ್ಬಿನ ಮುಂದೆ ಹಿಡಿದು ನೋಡಿದೆ. ಗಾಢ ಗೆರೆಯೇ ಚಂದ ಅನ್ನಿಸಿತು, ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ಆದರೆ ಒಂದು ಷರತ್ತು. ಮಾರ್ಜಿನನ್ನು ಯಾವಾಗಲೂ ಗಾಢ ಬಣ್ಣದ ಬಟ್ಟೆಯ ಕಡೆಗೇ ಮಡಚಬೇಕು. ತಿಳಿ ಬಟ್ಟೆಯ ಹಿಂದೆ ಹೋದರೆ ಆ ಗಾಢ ಬಣ್ಣ ಇಣುಕುತ್ತದೆ. ನಾನು ಒಂದು ಗಾಢ, ಒಂದು ತಿಳಿ ಅಂತ ಜೋಡಿಸಿದ್ದರಿಂದ ತಲೆನೋವು ಇರಲಿಲ್ಲ. ಇಸ್ತ್ರಿ ಆದ ಮೇಲೆ ಮಾರ್ಜಿನನ್ನು 4 ಮಿಲಿಮೀಟರಿಗೆ ಕತ್ತರಿಸಿದೆ, ಎಲ್ಲ ಕಡೆ ಒಂದೇ ಸಮ. ಅಂಕುಡೊಂಕಾದರೆ ನೆರಳೂ ಅಂಕುಡೊಂಕು.

ಹಾಳೆ ತರಿಸಿಕೊಳ್ಳುವುದರಲ್ಲಿ ಇನ್ನೊಂದು ಕಾಯುವಿಕೆ. ಲ್ಯಾಂಪ್‌ಶೇಡಿಗಾಗಿಯೇ ಮಾಡಿದ, ಒಂದು ಮೈಗೆ ಅಂಟು ಇರುವ ಪ್ಲಾಸ್ಟಿಕ್ ಶೀಟ್ ಸಿಗುತ್ತದೆ. ಬೆಂಕಿ ಬೇಗ ಹಿಡಿಯದಂಥದ್ದು ಅಂತ ಅದರ ಮೇಲೆ ಬರೆದಿದೆಯಾ ನೋಡಿಕೊಳ್ಳಿ. ಚಾರ್ಟ್ ಪೇಪರ್, ತೆಳು ರಟ್ಟು ಹಾಕಿದರೂ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ಬಲ್ಬ್ ಇರುವ ಜಾಗದಲ್ಲಿ ಅದು ನನಗೆ ಒಪ್ಪಿಗೆ ಇಲ್ಲ. ಶೀಟ್ ಸುರುಳಿಯಾಗಿ ಬರುತ್ತದೆ. ಬಿಚ್ಚಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಕೆಲಸಕ್ಕೆ ಮುಂಚಿನ ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಡಿ.

ಕಾಗದದ ಅಚ್ಚಿನ ಪ್ರಕಾರ ಶೀಟ್ ಕತ್ತರಿಸಿ. ಬಟ್ಟೆಯನ್ನು ಹಿಂಬದಿ ಮೇಲಾಗಿ ಹಾಸಿ, ಶೀಟಿನ ಹಿಂದಿನ ಕಾಗದವನ್ನು ಒಂದು ತುದಿಯಲ್ಲಿ ಸ್ವಲ್ಪ ಸುಲಿದು, ಅದರ ಬದಿ ಮೊದಲ ಪಟ್ಟಿಯ ಅಂಚಿಗೆ ಸರಿಯಾಗಿ ಕೂರುವ ಹಾಗೆ ಒತ್ತಿ. ಆಮೇಲೆ ಕಾಗದ ಸುಲಿಯುತ್ತ, ಅಂಗೈಯಲ್ಲಿ ಒತ್ತುತ್ತ ಮುಂದೆ ಹೋಗಿ. ಒಂದೇ ಸಲಕ್ಕೆ ಪೂರ್ತಿ ಸುಲಿದರೆ ಶೀಟ್ ತನಗೆ ಬೇಕಾದ ಕಡೆ ಅಂಟಿಕೊಳ್ಳುತ್ತದೆ, ಕಿತ್ತರೆ ಬಟ್ಟೆಯ ನೇಯ್ಗೆ ಎಳೆದುಹೋಗುತ್ತದೆ. ಅಂಟಿದ ಮೇಲೆ ಕಿಟಕಿಗೆ ಹಿಡಿದು ನೋಡಿ. ಗುಳ್ಳೆ, ಕೂದಲು, ದಾರ ಏನಿದ್ದರೂ ಕಾಣುತ್ತದೆ.

ಈಗ ರಿಂಗಿಗೆ ಸುತ್ತುವುದು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಎರಡು ರಿಂಗೂ ಬೇರೆ ಬೇರೆ ಅಳತೆ, ಎರಡೂ ಒಟ್ಟಿಗೆ ಉರುಳಬೇಕು. ರಿಂಗಿನ ಸುತ್ತ ಡಬಲ್ ಟೇಪ್ ಸುತ್ತಿ, ಮೇಲಿನದನ್ನು ನಾನು, ಕೆಳಗಿನದನ್ನು ತಂಗಿ ಹಿಡಿದು ಶೀಟಿನ ಅಂಚಿನ ಮೇಲೆ ಉರುಳಿಸುತ್ತ ಹೋದೆವು. ಅರ್ಧಕ್ಕೆ ಬಂದಾಗ ಅವಳು "ಅಕ್ಕ, ಕೈ ನೋಯ್ತಿದೆ, ಬಿಡ್ಲಾ?" ಅಂದಳು. "ಬಿಟ್ಟೀಯಾ ಮತ್ತೆ, ಹಿಡ್ಕೊಳೇ!" ಅಂತ ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡರೆ ಉರುಳಿಸಿದಷ್ಟಕ್ಕೂ ಹಾಕುತ್ತ ಹೋಗಬಹುದು. ಮೂರು ಕಾಲಿನ ಪಟ್ಟಿಯ ಬಾಗು ಯಾವ ಕಡೆಗೆ ಅಂತ ಸುತ್ತುವ ಮುಂಚೆ ಆ ಹಳೇ ಫೋಟೋ ತೆಗೆದು ನೋಡಿ. ಸುತ್ತಿದ ಮೇಲೆ ತಿರುಗಿಸಲು ಆಗುವುದಿಲ್ಲ.

ಎರಡು ತುದಿ ಸೇರುವ ಜಾಗದಲ್ಲಿ ಶೀಟೂ ಎರಡು ಪದರ, ಬಟ್ಟೆಯೂ ಎರಡು ಪದರ, ಅಲ್ಲಿ ಒಂದು ಕಪ್ಪು ಪಟ್ಟಿ ಬಂದೇ ಬರುತ್ತದೆ. ಪಟ್ಟಿ ಬಟ್ಟೆಯ ಲಾಭ ಇಲ್ಲಿ ಗೊತ್ತಾಗುತ್ತದೆ. ಆ ಜೋಡಣೆ ಗಾಢ ಪಟ್ಟಿಯ ಅಂಚಿಗೆ ಬಂತು, ಹುಡುಕಿದರೆ ಮಾತ್ರ ಕಾಣುತ್ತದೆ. ಒಂದೇ ಬಟ್ಟೆಯವರು ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಡಬೇಕು, ಬೇರೆ ದಾರಿ ಇಲ್ಲ.

ಅಂಚು ಮಡಚುವಾಗ ಮೇಲಿನ ರಿಂಗೂ ಕೆಳಗಿನದೂ ಬೇರೆ ಬೇರೆ ರೀತಿ ಕಾಡುತ್ತವೆ. ಮೇಲೆ ಬಟ್ಟೆ ಸಾಲುವುದಿಲ್ಲ, ಎಳೆಯುತ್ತದೆ. ಅಲ್ಲಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಡಬೇಕು, ರಿಂಗಿನವರೆಗೆ ಬರಬಾರದು. ಕೆಳಗೆ ಬಟ್ಟೆ ಜಾಸ್ತಿಯಾಗುತ್ತದೆ, ಸಣ್ಣ ಸಣ್ಣ ನೆರಿಗೆ ಹಿಡಿದು ಒತ್ತಬೇಕು. ಹೊಲಿಗೆ ಬರುವ ಜಾಗದಲ್ಲಿ ಮಾರ್ಜಿನನ್ನು ಮಡಿಕೆಯೊಳಗೆ ಪೂರ್ತಿ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಗಂಟು ಗಂಟಾಗುತ್ತದೆ. ಬಟ್ಟೆಯ ತುದಿಯನ್ನು ರಿಂಗಿನ ಸಂದಿಗೆ ತಳ್ಳಲು ಹಳೇ ಪ್ಲಾಸ್ಟಿಕ್ ಕಾರ್ಡು ಚೆನ್ನಾಗಿ ಆಗುತ್ತದೆ. ಬಟ್ಟೆಯ ಅಂಟನ್ನು ತೆಳ್ಳಗೆ ಹಚ್ಚಿ, ಕ್ಲಿಪ್ ಹಾಕಿ, ಒಣಗಲು ಬಿಡಿ. ಗ್ಲೂ ಗನ್ ಬೇಡ ಅನ್ನುತ್ತೇನೆ. ಅದರ ಉಂಡೆಗಳು ನೆರಳಾಗುತ್ತವೆ, ಶಾಖಕ್ಕೆ ಅದು ಮೆತ್ತಗೂ ಆಗುತ್ತದೆ. ಒಳಗಿನ ಒರಟು ಅಂಚು ಮುಚ್ಚಲು ಗಾಢ ಬಟ್ಟೆಯನ್ನೇ ಕ್ರಾಸ್ ಆಗಿ ಕತ್ತರಿಸಿ ಕಿರಿದಾದ ಪಟ್ಟಿ ಹಾಕಿದೆ. ನೇರಕ್ಕೆ ಕತ್ತರಿಸಿದ ಪಟ್ಟಿ ಬಾಗಿಗೆ ಒಗ್ಗುವುದಿಲ್ಲ.

ಎಲ್ಲ ಒಣಗಿ, ಶೇಡ್ ಕೂರಿಸಿ ಸ್ವಿಚ್ ಹಾಕಿದಾಗ ಒಂದು ನಿರಾಸೆ ಕಾದಿತ್ತು. ಪಾರದರ್ಶಕ ಗಾಜಿನ ಎಲ್‌ಇಡಿ ಬಲ್ಬ್ ಹಾಕಿದ್ದೆ, ಒಳಗೆ ತಂತಿಯಂಥ ಎಳೆಗಳು ಕಾಣುವಂಥದ್ದು. ಮೂರು ಕಾಲಿನ ಪಟ್ಟಿಯ ನೆರಳು ಗೋಡೆಯ ಮೇಲೆ ಚೂಪಾಗಿ ಬಿತ್ತು, ಶೇಡಿನ ನಡುವೆ ಒಂದೇ ಕಡೆ ಕಣ್ಣು ಚುಚ್ಚುವ ಹೊಳಪು. ಹಾಲಿನ ಬಣ್ಣದ ಗಾಜಿನ ಬಲ್ಬ್ ಹಾಕಿದ ತಕ್ಷಣ ಎಲ್ಲ ಸಮವಾಗಿ ಹರಡಿತು. ಅದು 2700 ಕೆಲ್ವಿನ್‌ನದು, ಅಂದರೆ ಬೆಚ್ಚನೆಯ ಹಳದಿ ಬೆಳಕು. 6500ರ ಬಿಳಿ ಬಲ್ಬ್ ಹಾಕಿ ನೋಡಿದೆ, ಕೆಂಪು ಕೇಸರಿಯೆಲ್ಲ ಕಳೆಗುಂದಿ ಹೋದವು. ಬಣ್ಣ ಪರೀಕ್ಷೆ ಮಾಡುವಾಗ ಕೊನೆಗೆ ಯಾವ ಬಲ್ಬ್ ಹಾಕುತ್ತೀರೋ ಅದನ್ನೇ ಬಳಸಿ. ಎಷ್ಟು ಬೆಳಕು ಬೇಕು ಅನ್ನುವುದಕ್ಕೆ ಲ್ಯೂಮೆನ್ ನೋಡಿ. ಹಳೇ 60 ವಾಟಿನ ಬಲ್ಬಿನಷ್ಟು ಬೆಳಕು ಅಂದರೆ ಸುಮಾರು 800 ಲ್ಯೂಮೆನ್, ಎಲ್‌ಇಡಿಯಲ್ಲಿ ಅದಕ್ಕೆ 8-9 ವಾಟ್ ಸಾಕು. ಮೂಲೆಯಲ್ಲಿ ಸುಮ್ನೆ ಉರಿಯುವ ದೀಪಕ್ಕೆ 470 ಸಾಕು.

ಸ್ಟಿಕ್ಕರಿನಲ್ಲಿ 60 ವಾಟ್ ಇದೆ ಅಂತ ಹಳೇ ತಂತಿ ಬಲ್ಬ್ ಹಾಕಬೇಡಿ. ಅದು ತಿನ್ನುವ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಾಖವಾಗಿಯೇ ಹೋಗುತ್ತದೆ. ಆ ಸ್ಟಿಕ್ಕರ್ ಹಳೇ ಶೇಡಿನ ಲೆಕ್ಕ. ನೀವು ಹಾಕಿದ ಬಟ್ಟೆಯನ್ನು, ಅಂಟನ್ನು ಯಾರೂ ಪರೀಕ್ಷೆ ಮಾಡಿಲ್ಲ. ಎಲ್‌ಇಡಿ ಕೂಡ ಬುಡದಲ್ಲಿ ಬಿಸಿಯಾಗುತ್ತದೆ, ಆದ್ದರಿಂದ ಶೇಡಿನ ಮೇಲ್ಬಾಯಿ ತೆರೆದೇ ಇರಲಿ. ಚಂದಕ್ಕೆ ಅಂತ ಬಟ್ಟೆ ಮುಚ್ಚಬೇಡಿ. ಮೊದಲ ಸಲ ಸ್ವಲ್ಪ ಸ್ವಲ್ಪ ಹೊತ್ತು ಉರಿಸಿ, ಪಕ್ಕದಲ್ಲೇ ಇದ್ದು, ಶೇಡಿನ ಮೇಲಂಚು ಮುಟ್ಟಿ ನೋಡುತ್ತಿರಿ.

ಖರ್ಚಿನ ವಿಷಯ ನೇರವಾಗಿ ಹೇಳುತ್ತೇನೆ. ಹೊಸ ಸಾಧಾರಣ ಶೇಡ್ ಕೊಂಡಿದ್ದರೆ ಇದಕ್ಕಿಂತ ಕಡಿಮೆಗೆ ಮುಗಿಯುತ್ತಿತ್ತು. ಬಟ್ಟೆಗೆ ಕಾಸು ಬೀಳಲಿಲ್ಲ. ಜಾಸ್ತಿ ತಿಂದದ್ದು ಅಂಟಿನ ಶೀಟು, ಅದು ಬೇಕಾದದ್ದಕ್ಕಿಂತ ದೊಡ್ಡ ಸುರುಳಿಯಲ್ಲೇ ಸಿಗುವುದು. ಆಮೇಲೆ ವೈರಿನ ಕೆಲಸ. ಆದರೆ ವೈರನ್ನು ಶೇಡಿನ ಲೆಕ್ಕಕ್ಕೆ ಸೇರಿಸಬಾರದು ಅನ್ನುವುದು ನನ್ನ ವಾದ, ಬಟ್ಟೆ ಬದಲಿಸದಿದ್ದರೂ ಅದು ಮಾಡಿಸಲೇಬೇಕಿತ್ತು. ಉಳಿದ ಶೀಟಿಗೆ ತಂಗಿ ಆಗಲೇ ತನ್ನ ಲ್ಯಾಂಪ್ ತೋರಿಸಿದ್ದಾಳೆ.

ಕಂಬಕ್ಕೂ ಬಟ್ಟೆ ಸುತ್ತಬಹುದಾ ಅಂತ ಅವಳೇ ಕೇಳಿದಳು. ಸುತ್ತಬಹುದು, ನಾನು ಸುತ್ತಲಿಲ್ಲ. ಹೋಲ್ಡರಿನ ಹತ್ತಿರ, ಸ್ವಿಚ್ಚಿನ ಹತ್ತಿರ ಬಟ್ಟೆ ಬರುವುದು ನನಗೆ ಬೇಡವಾಗಿತ್ತು, ಅಲ್ಲದೆ ಮುಂದೆ ಯಾವಾಗಲಾದರೂ ಸ್ಕ್ರೂ ಬಿಚ್ಚಬೇಕಾದರೆ ಎಲ್ಲ ಹರಿಯಬೇಕು. ತಳಕ್ಕೆ ಮಾತ್ರ ಒಂದು ಉಣ್ಣೆಯ ತುಂಡು ಅಂಟಿಸಿದೆ, ಮೇಜು ಗೀರದಿರಲಿ ಅಂತ.

ಈ ಶೇಡನ್ನು ತೊಳೆಯುವ ಹಾಗಿಲ್ಲ. ಧೂಳು ಕೂತರೆ ಒಣಗಿದ ಮೆತ್ತನೆಯ ಬ್ರಶ್ಶಿನಲ್ಲಿ ಮೇಲಿಂದ ಕೆಳಕ್ಕೆ ಒರೆಸಿ. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಇಡಬೇಡಿ, ಒಂದು ಬದಿಯ ಬಣ್ಣ ಮೊದಲು ಹೋಗುತ್ತದೆ. ಹೋದರೂ ಅಷ್ಟೇನೂ ಕಷ್ಟವಿಲ್ಲ. ರಿಂಗು ಗಟ್ಟಿ ಇದೆ, ವೈರು ಹೊಸದು, ಕಾಗದದ ಅಚ್ಚು ಮತ್ತು ಆ ರಟ್ಟಿನ ಪಟ್ಟಿ ಬೀರುವಿನ ಹಿಂದೆ ನಿಲ್ಲಿಸಿಟ್ಟಿದ್ದೇನೆ. ಮುಂದಿನ ಸಲ ಹೊಲಿಗೆಯಿಂದಲೇ ಶುರು ಮಾಡಬಹುದು.